ಮೂರು ಜೀವದ ಆಟ

ನಲವತ್ತೈದು ದಾಟಿದ ಗಂಡಸು, ಅದೂ ಹೈಸ್ಕೂಲಿನ ಗಣಿತದ ಮಾಸ್ತರ, ಸಂಜೆ ಮನೆಗೆ ಬಂದು ಚಹಾ ಕುಡಿದು ವಿಡಿಯೋ ಗೇಮ್ ಆಡುತ್ತ ಕೂಡುತ್ತಾನೆಂದರೆ ಚಿಕ್ಕೋಡಿಯಂಥ ಊರಿನಲ್ಲಿ ಅವನಿಗೆ ಸಿಗುವ ಮರ್ಯಾದೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅವನು ಇಸ್ಪೀಟು ಆಡಿದರೆ ಅಡ್ಡಿಯಿಲ್ಲ, ಗಂಡಸರ ಕಾಲಹರಣ. ಚದುರಂಗ ಆಡಿದರೆ ಬುದ್ಧಿವಂತ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಕೂಡಿಸಿ ನಡೆಸುವ ಬಗೆಗಳನ್ನು ಕಟ್ಟುತ್ತ ಕಳೆದ ಹೊತ್ತನ್ನು ನಾವು ಇಂದಿಗೂ ಹೊಗಳುತ್ತೇವೆ. ಟಿ.ವಿ.ಯ ಮುಂದೆ ದಿನವಿಡೀ ಬಿದ್ದುಕೊಂಡು ಇನ್ನಾರೋ ಆಡುವ ಕ್ರಿಕೆಟ್ ನೋಡಿದರೂ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಆದರೆ ಕೈಯಲ್ಲಿ ಎರಡು ಗುಂಡಿಗಳ ಆ ಪ್ಲಾಸ್ಟಿಕ್ ಹಿಡಿಕೆ ಕಂಡಿತೋ, ಸ್ಟಾಫ್ ರೂಮಿನಲ್ಲಿ ಮರುದಿನ ನಗೆ. ‘ಏನ್ರೀ ಮಾಸ್ತರ, ಹುಡುಗೂರಿಗೆ ಬುದ್ಧಿ ಹೇಳಾವ್ರು ನೀವ, ನೀವ ಹಿಂಗ್ ಮಾಡಿದ್ರ ಹೆಂಗ್ರಿ?’

ವಿಡಿಯೋ ಗೇಮುಗಳ ವಿಷಯವಾಗಿ ನಮ್ಮಲ್ಲಿ ಮಾತಾಡುವವರು ಬಹಳ. ಕಣ್ಣು ಹಾಳಾಗುತ್ತದೆಂದು ಡಾಕ್ಟರು, ಓದು ಹಾಳಾಗುತ್ತದೆಂದು ಪಾಲಕರು, ಸಂಸ್ಕೃತಿ ಹಾಳಾಗುತ್ತದೆಂದು ಗ್ಯಾದರಿಂಗಿಗೆ ಬಂದ ಅತಿಥಿಗಳು ಮಾತಾಡುತ್ತಾರೆ. ಆಡುವವನಿಗೆ ಅದರ ರುಚಿ ಏನು, ಯಾವ ಆಟ ಚೆನ್ನ, ಯಾವುದು ಕೆಟ್ಟದ್ದು ಎಂದು ಮಾತ್ರ ಯಾರೂ ಕೇಳಿದ್ದಿಲ್ಲ. ಊಟದ ವಿಷಯದಲ್ಲಿ ಬರೀ ಅಜೀರ್ಣದ ಬಗ್ಗೆಯೇ ಮಾತಾಡಿದಂತಾಯಿತು ಇದು. ಮೂವತ್ತು ವರ್ಷ ಉಂಡವನು ನಾನು. ಕೇಳದಿದ್ದರೂ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ನಿಪ್ಪಾಣಿಯಲ್ಲಿ. ತಂಬಾಕಿನ ಘಾಟು ಮೂಗಿಗೆ ಹತ್ತದ ಓಣಿ ಆಗ ಆ ಊರಿನಲ್ಲಿ ಇರಲಿಲ್ಲ. 1995ರ ಸುಮಾರಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಗಲ್ಲಿಯಲ್ಲಿ ಕಪಾಟಿನಷ್ಟು ಎತ್ತರದ ಮೂರು ಆಟದ ಪೆಟ್ಟಿಗೆಗಳನ್ನಿಟ್ಟ ಅಂಗಡಿಯೊಂದು ತೆರೆಯಿತು. ರೂಪಾಯಿ ಕೊಟ್ಟರೆ ಒಂದು ಬಿಲ್ಲೆ; ಬಿಲ್ಲೆಗೆ ಒಂದು ಸರತಿ. ಮೂರರಲ್ಲಿ ಒಂದಕ್ಕೆ ಸದಾ ಜಾತ್ರೆ. ಅದರ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’, ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಮಾಡಿದ್ದು, ಒಂದು ಅಮೇರಿಕನ್ ಚಿತ್ರಕಥೆಯನ್ನು ಆಧರಿಸಿದ್ದು ಎಂಬುದೆಲ್ಲ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅದರಲ್ಲಿ ಆರಿಸಿಕೊಳ್ಳಲು ನಾಲ್ವರಿದ್ದರು. ನಾಲ್ವರಲ್ಲಿ ಒಬ್ಬನ ಹೆಸರು ಮಾತ್ರ ನಾವು ಓದಬಲ್ಲಂಥದು, ನಮ್ಮ ಓಣಿಯಲ್ಲೇ ನಾಲ್ಕು ಜನರಿಗೆ ಇದ್ದಂಥದು: ಮುಸ್ತಫಾ. ಅವನು ಓಡಿ ಬಂದು ಹಾರಿ ಒದ್ದನೆಂದರೆ ಎದುರಿನವರು ಸಾಲಾಗಿ ಬೀಳುತ್ತಿದ್ದರು. ಹೀಗಾಗಿ ನಿಪ್ಪಾಣಿಯಲ್ಲಷ್ಟೇ ಏನು, ನಮ್ಮ ದೇಶದ ಎಷ್ಟೋ ಊರುಗಳಲ್ಲಿ ಆ ಆಟದ ಹೆಸರೇ ‘ಮುಸ್ತಫಾ’ ಎಂದಾಯಿತು.

ಬಿಲ್ಲೆ ಕೊಳ್ಳುವ ಶಕ್ತಿ ನಮ್ಮಲ್ಲಿ ಬಹಳ ಜನಕ್ಕೆ ಇರಲಿಲ್ಲ. ಆಡುವವನೊಬ್ಬ, ಅವನ ಬೆನ್ನಿಗೆ ಹದಿನೈದು ಜನ. ಕನ್ನಡದವರು, ಮರಾಠಿಯವರು, ಉರ್ದುವಿನವರು. ಹೊರಗೆ ಗಡಿಯ ಗಲಾಟೆ ಎದ್ದ ದಿನ ಅಂಗಡಿಗಳ ಬೋರ್ಡಿಗೆ ಡಾಂಬರು ಬೀಳುತ್ತಿತ್ತು. ಒಳಗೆ ಮಾತ್ರ ‘ಮಾರ ಲೇ’ ಎಂದು ಮೂರೂ ಭಾಷೆಯಲ್ಲಿ ಒಂದೇ ಕೂಗು. ತೆರೆಯ ಮೇಲಿನ ಇಂಗ್ಲಿಷು ಯಾರಿಗೂ ಬರುತ್ತಿರಲಿಲ್ಲ. ನಾನು ಅರ್ಥ ಮಾಡಿಕೊಂಡು ಓದಿದ ಮೊದಲ ಇಂಗ್ಲಿಷ್ ಮಾತು ‘ಗೇಮ್ ಓವರ್’.

ಒಳ್ಳೆಯ ಆಟದ ಮೊದಲ ಲಕ್ಷಣವನ್ನು ನಾನು ಅಲ್ಲಿ ನಿಂತೇ ಕಲಿತೆ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆನ್ನ ಹಿಂದೆ ಎರಡು ನಿಮಿಷ ನಿಂತವನಿಗೆ ತಿಳಿಯಬೇಕು. ಚಿಣಿಪಣಿ, ಬಗರಿ, ಗೋಲಿಗುಂಡ ಇವುಗಳ ನಿಯಮವನ್ನು ನಮಗೆ ಯಾರು ಓದಿ ಹೇಳಿದ್ದರು? ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಯಾರೋ ಕೊರೆದಿಟ್ಟ ಹುಲಿಮನೆ, ಚೌಕಾಬಾರದ ಗೆರೆಗಳನ್ನು ನೋಡಿ. ನಿಯಮ ಬರೆದ ಶಾಸನ ಪಕ್ಕದಲ್ಲಿ ಇರುವುದಿಲ್ಲ. ಆದರೂ ಕೂತವರು ಆಡುತ್ತಾರೆ.

ಎರಡನೆಯ ಲಕ್ಷಣವೂ ಅಲ್ಲಿಯದೇ. ಸೋತವನಿಗೆ ತಾನು ಯಾಕೆ ಸೋತೆನೆಂದು ಗೊತ್ತಾಗಬೇಕು. ‘ಒಂದ ಹೆಜ್ಜಿ ಹಿಂದ ಸರೀಬೇಕಾಗಿತ್ತ’ ಎಂದು ಅವನು ತಲೆ ಕೆರೆದುಕೊಳ್ಳಬೇಕು. ಹದಿನೈದು ಜನ ಹೌದೌದೆನ್ನಬೇಕು. ಮೋಸದಿಂದ ಕೊಲ್ಲುವ ಆಟವನ್ನು ಹುಡುಗರು ಒಂದು ವಾರದಲ್ಲಿ ಗುರುತು ಹಿಡಿಯುತ್ತಿದ್ದರು. ಆ ಮೂರು ಪೆಟ್ಟಿಗೆಗಳಲ್ಲಿ ಒಂದು ಅಂಥದಿತ್ತು. ಅದರ ಮುಂದೆ ಅಂಗಡಿಯವನ ನಾಯಿ ಮಲಗುತ್ತಿತ್ತು.

ಆಮೇಲೆ ಮನೆಯೊಳಗಿನ ಯಂತ್ರ ಬಂತು. ನನ್ನ ಮನೆಗಲ್ಲ. ತಂಬಾಕಿನ ವ್ಯಾಪಾರಸ್ಥರ ಮಗನೊಬ್ಬ ನನ್ನ ತರಗತಿಯಲ್ಲಿದ್ದ. ಅವನ ಅಪ್ಪ ಕೊಲ್ಹಾಪುರದಿಂದ ತಂದುಕೊಟ್ಟಿದ್ದರು. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ಹೊರತಂದ ಯಂತ್ರದ ನಕಲು ಅದು, ಟಿ.ವಿ.ಗೆ ಜೋಡಿಸುವುದು. ಈ ನಿಂಟೆಂಡೋ 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡುವ ಅಂಗಡಿಯಾಗಿ ಶುರುವಾದದ್ದಂತೆ. ಸ್ಟಾಫ್ ರೂಮಿನ ಇಸ್ಪೀಟು ಪ್ರಿಯರಿಗೆ ಇದನ್ನು ಒಂದು ದಿನ ಹೇಳಬೇಕೆಂದಿದ್ದೇನೆ. ಕ್ಯಾಸೆಟ್ಟು ಹತ್ತದಿದ್ದರೆ ಬಾಯಿಂದ ಊದಿ ಮತ್ತೆ ಹಾಕುತ್ತಿದ್ದೆವು. ಇದನ್ನು ನಮಗೆ ಯಾರು ಕಲಿಸಿದರೋ ತಿಳಿಯದು. ಜಗತ್ತಿನ ತುಂಬ ಹುಡುಗರು ಹಾಗೆಯೇ ಊದುತ್ತಿದ್ದರೆಂದು ಈಗ ಓದಿ ಬೆರಗಾಗುತ್ತೇನೆ. ಊದಿದ್ದರಿಂದ ಪ್ರಯೋಜನವಿರಲಿಲ್ಲವಂತೆ, ತೆಗೆದು ಮತ್ತೆ ಸರಿಯಾಗಿ ಕೂಡಿಸಿದ್ದೇ ಕೆಲಸ ಮಾಡಿದ್ದು. ಉಗುಳಿನ ಪಸೆಗೆ ತಗಡು ತುಕ್ಕು ಹಿಡಿಯುತ್ತಿತ್ತು.

ಆ ಯಂತ್ರದಲ್ಲಿ ನಾವು ಆಡಿದ್ದು ‘ಕಾಂಟ್ರಾ’. ಇಬ್ಬರು ಸಿಪಾಯಿಗಳು, ಇಬ್ಬರಿಗೂ ಮೂರು ಮೂರು ಜೀವ. ಗುಂಡು ತಾಗಿದರೆ ಒಂದು ಹೋಯಿತು. ಇಬ್ಬರೂ ಕೂಡಿ ಮುಂದೆ ಹೋಗಬೇಕು. ಅದರಲ್ಲಿ ಜಲಪಾತದ ಒಂದು ಹಂತವಿದೆ. ಬಂಡೆಯಿಂದ ಬಂಡೆಗೆ ಹಾರುತ್ತ ಮೇಲೇರಬೇಕು. ತೆರೆ ಯಾವಾಗಲೂ ಮೇಲಿದ್ದವನ ಜೊತೆ ಮೇಲೆ ಸರಿಯುತ್ತದೆ. ಕೆಳಗುಳಿದವನು ತೆರೆಯ ಅಂಚಿಗೆ ಸಿಕ್ಕು ಸಾಯುತ್ತಾನೆ. ವೈರಿಯ ಗುಂಡಿಗಿಂತ ಗೆಳೆಯನ ಅವಸರಕ್ಕೆ ಸತ್ತದ್ದೇ ಹೆಚ್ಚು. ಎಷ್ಟು ಜಗಳವಾಡಿದ್ದೇವೆ ಆ ಜಲಪಾತದಲ್ಲಿ! ನನ್ನ ಮತ್ತು ಆ ಗೆಳೆಯನ ನಡುವೆ ಹದಿನೈದು ದಿನ ಮಾತು ನಿಂತದ್ದೂ ಉಂಟು. ಜೊತೆಯಾಗಿ ಆಡುವ ಆಟಗಳಲ್ಲಿ ಇದಕ್ಕಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಎರಡು ಹಿಡಿಕೆ, ಒಂದು ತೆರೆ, ಪಕ್ಕದಲ್ಲಿ ಮೊಣಕೈ ತಾಗುವಂತೆ ಕೂತ ಮನುಷ್ಯ. ಇಂದು ಇಂಟರ್‌ನೆಟ್ಟಿನಲ್ಲಿ ಸಾವಿರ ಮೈಲಿ ದೂರದವನ ಜೊತೆ ಆಡುತ್ತೇವೆ. ಆದರೆ ಅವನ ಮೊಣಕೈಗೆ ಗುದ್ದಲಾಗುವುದಿಲ್ಲ.

‘ಮ್ಯಾಲ ಮ್ಯಾಲ, ತೆಳಗ ತೆಳಗ, ಎಡಕ ಬಲಕ, ಎಡಕ ಬಲಕ, ಬಿ, ಎ’. ಆಟದ ಮೊದಲು ಹೀಗೆ ಒತ್ತಿದರೆ ಮೂರು ಜೀವ ಮೂವತ್ತಾಗುತ್ತವೆ. ಈ ಮಂತ್ರ ನಮಗೆ ಇಚಲಕರಂಜಿಯಿಂದ ಬಂದ ಯಾರೋ ಹುಡುಗನ ಬಾಯಿಂದ ಸಿಕ್ಕಿತು. ಇದರ ಕರ್ತೃ ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ. ‘ಗ್ರಾಡಿಯಸ್’ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುವಾಗ ಪರೀಕ್ಷಿಸಿ ನೋಡಬೇಕಲ್ಲ, ಆಟ ಅವರಿಗೇ ಕಠಿಣವಾಯಿತಂತೆ. ತಮ್ಮ ಅನುಕೂಲಕ್ಕೆ ಈ ಗುಟ್ಟನ್ನು ಒಳಗಿಟ್ಟರು. 1986ರಲ್ಲಿ ಆಟ ಹೊರಬಿದ್ದಾಗ ಅದೂ ಒಳಗೇ ಉಳಿದಿತ್ತು. 2020ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನ ನಾನು ಅಥಣಿಯ ಒಂದು ಶಾಲೆಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆಯಲ್ಲಿದ್ದೆ. ಕಾಣದ ಊರಿನ, ಕೇಳದ ಹೆಸರಿನ ಒಬ್ಬ ಮನುಷ್ಯ ತನಗೆ ಕಷ್ಟವಾದದ್ದನ್ನು ಮುಚ್ಚಿಡದೆ ಹೋದದ್ದರಿಂದ ನಿಪ್ಪಾಣಿಯ ಗಲ್ಲಿಯ ಹುಡುಗರಿಗೆ ಮೂವತ್ತು ಜೀವ ಸಿಕ್ಕಿತಲ್ಲ ಎಂದು ಆ ಹೊತ್ತೆಲ್ಲ ಅದೇ ಧ್ಯಾನ.

ನಮ್ಮ ಅವ್ವ ಬೀಡಿ ಕಟ್ಟುವವಳು. ಮಾಘಮಾಸದ ಚಿಂಚಲಿ ಮಾಯಕ್ಕನ ಜಾತ್ರೆಗೆ ಒಂದು ವರ್ಷ ನಮ್ಮನ್ನು ಕರೆದುಕೊಂಡು ಹೋಗಿದ್ದಳು. ಅಲ್ಲಿ ಆಟಿಗೆಯ ಅಂಗಡಿಯಲ್ಲಿ ಅಂಗೈಯಗಲದ ‘ಬ್ರಿಕ್ ಗೇಮ್’ ಇತ್ತು. ಒಂಬತ್ತು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತು ಆಟ ಇದ್ದಾವೆಂದು ಡಬ್ಬಿಯ ಮೇಲೆ ಬರೆದಿತ್ತು. ಅದು ಸುಳ್ಳು, ಇದ್ದವು ಹತ್ತೋ ಹನ್ನೆರಡೋ. ಆದರೆ ಅವುಗಳಲ್ಲಿ ಒಂದು ‘ಟೆಟ್ರಿಸ್’. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೊವ್ ಎಂಬವರು ವಿಜ್ಞಾನ ಅಕಾಡೆಮಿಯ ಕಂಪ್ಯೂಟರಿನಲ್ಲಿ ಕಟ್ಟಿದ ಆಟ. ನಾಲ್ಕು ನಾಲ್ಕು ಚೌಕಗಳನ್ನು ಜೋಡಿಸಿ ಆಗುವ ಏಳು ಆಕಾರಗಳು ಮೇಲಿನಿಂದ ಬೀಳುತ್ತವೆ. ತಿರುಗಿಸಿ ಸಂದಿಯಿಲ್ಲದಂತೆ ಕೂಡಿಸಬೇಕು. ಒಂದು ಸಾಲು ತುಂಬಿದರೆ ಅದು ಮಾಯ. ಗೆಲುವು ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ವೇಗ ಏರುತ್ತ ಹೋಗುತ್ತದೆ, ಕಡೆಗೆ ಎಲ್ಲರೂ ಮುಳುಗುವವರೇ.

ನಾನು ಮೂರು ದಿನ ಆಡಿದ ಮೇಲೆ ಅವ್ವ ಕೇಳಿದಳು, ‘ಏನ್ ಐತೋ ಅದರಾಗ, ತಾ ಇಲ್ಲೆ.’ ತಂಬಾಕಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಬೀಡಿ ಕಟ್ಟುವುದನ್ನು ಹತ್ತಿರದಿಂದ ನೋಡದವರಿಗೆ ಹೇಳಬೇಕು: ನೆನೆಸಿದ ಎಲೆಯನ್ನು ಅಳತೆಯ ತಗಡಿಟ್ಟು ಕತ್ತರಿಸುವುದು, ತಂಬಾಕು ತುಂಬುವುದು, ಸುರುಳಿ ಸುತ್ತುವುದು, ತುದಿ ಮಡಚಿ ದಾರ ಬಿಗಿಯುವುದು. ಕೂಲಿ ಸಾವಿರಕ್ಕೆ ಇಷ್ಟು ಎಂದು. ಎಲೆಯಲ್ಲಿ ನಡುವೆ ತೂತಿದ್ದರೆ, ನರ ದಪ್ಪವಿದ್ದರೆ, ಕತ್ತರಿಯನ್ನು ಯಾವ ಓರೆಯಿಂದ ಹಾಕಿದರೆ ಒಂದು ಎಲೆಗೆ ಎರಡು ತುಂಡು ಬಂದೀತು ಎಂಬುದು ಅವಳಿಗೆ ನೋಡುತ್ತಿದ್ದಂತೆ ಹೊಳೆಯಬೇಕು. ಎಲೆ ಹಾಳಾದರೆ ನಷ್ಟ ಅವಳದೇ. ಇಂಥ ಕಣ್ಣಿಗೆ ಟೆಟ್ರಿಸ್ ಏನು ಮಹಾ! ಒಂದು ತಾಸಿನಲ್ಲಿ ನನ್ನ ಲೆಕ್ಕ ಮುರಿದಳು. ಆಮೇಲೆ ಪ್ರತಿ ಮಧ್ಯಾಹ್ನ ನೂರು ಬೀಡಿಯ ಕಟ್ಟು ಮುಗಿದಾಗಲೊಮ್ಮೆ ಬೆನ್ನು ಗೋಡೆಗೆ ಆನಿಸಿ ಒಂದು ಸರತಿ ಆಡುವಳು. ‘ಇದರಾಗ ಏನ್ ಸಿಗತೈತಿ ಬೇ?’ ಎಂದು ಓಣಿಯ ಹೆಂಗಸರು ಕೇಳಿದರೆ, ‘ಏನೂ ಸಿಗೂದಿಲ್ಲವಾ, ಅದಕ್ಕ ಚೊಲೋ ಅನಿಸ್ತೈತಿ’ ಎಂದಳು. ಬೆಳಗಿನಿಂದ ರಾತ್ರಿಯವರೆಗೆ ಕೈಯ ಪ್ರತಿ ಚಲನೆಗೂ ಪೈಸೆಯ ಲೆಕ್ಕವಿದ್ದ ಹೆಂಗಸು ಅವಳು. ಲೆಕ್ಕಕ್ಕೆ ಬಾರದ ಹತ್ತು ನಿಮಿಷ ಅವಳಿಗೆ ಆ ಡಬ್ಬಿಯಲ್ಲಿ ದೊರೆತಿತ್ತು. ಆಟದ ಬಗ್ಗೆ ನಾನು ಓದಿದ ಯಾವ ಇಂಗ್ಲಿಷ್ ಪುಸ್ತಕವೂ ಇದಕ್ಕಿಂತ ಹೆಚ್ಚಿನದನ್ನು ಹೇಳಿಲ್ಲ.

ಅವ್ವನ ಇನ್ನೊಂದು ಪರೀಕ್ಷೆಯೂ ಇತ್ತು. ‘ಕರದ್ರ ಏಳಾಕ ಬರತೈತೇನು?’ ಎಂದು ಕೇಳುವಳು. ಬ್ರಿಕ್ ಗೇಮಿನಲ್ಲಿ ಒಂದು ಗುಂಡಿ ಒತ್ತಿದರೆ ಬೀಳುವ ಇಟ್ಟಿಗೆ ಅಲ್ಲೇ ನಿಲ್ಲುತ್ತದೆ. ಹಾಲು ಉಕ್ಕಿದರೆ ಇಳಿಸಿ ಬಂದು ಮುಂದುವರಿಸಬಹುದು. ಕರೆದಾಗ ಏಳಲು ಬಿಡುವ ಆಟ ಮನೆಯ ಆಟ, ಬಿಡದಿದ್ದದ್ದು ಹೊರಗಿನದು. ಈ ಮಾತಿಗೆ ಮುಂದೆ ಬರುತ್ತೇನೆ.

ಮಾರಿಯೋ ಬಗ್ಗೆ ಬರೆಯದೆ ಹೋದರೆ ನನ್ನ ಓರಗೆಯವರು ಕ್ಷಮಿಸುವುದಿಲ್ಲ. 1985ರ ಆ ಆಟದ ಸುಖವೆಲ್ಲ ಒಂದು ಹಾರಿಕೆಯಲ್ಲಿದೆ. ಗುಂಡಿಯನ್ನು ಮುಟ್ಟಿದರೆ ಚಿಕ್ಕ ಹಾರಿಕೆ, ಒತ್ತಿ ಹಿಡಿದರೆ ಎತ್ತರದ್ದು. ಗಾಳಿಯಲ್ಲಿದ್ದಾಗಲೂ ಅವನನ್ನು ಹಿಂದೆ ಮುಂದೆ ಎಳೆಯಬಹುದು. ದೇವರು ನಮಗೆ ಕೊಡದ ಸೌಲಭ್ಯ ಅದು. ನಾನು ಮಾಸ್ತರನಾದ್ದರಿಂದ ಇನ್ನೊಂದು ಸಂಗತಿ ಕಾಣುತ್ತೇನೆ. ಮೊದಲ ಹಂತದಲ್ಲಿ ಮಾರಿಯೋ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ. ಹೋಗಬೇಕಾದ್ದು ಅತ್ತಲೇ ಎಂದು ತಾನೇ ತಿಳಿಯುತ್ತದೆ. ಎದುರಿನಿಂದ ಒಂದು ಅಣಬೆಯಂಥ ಪ್ರಾಣಿ ನಡೆದು ಬರುತ್ತದೆ. ತಾಗಿದರೆ ಸಾವು, ಹಾರಿದರೆ ಪಾರು. ಅರ್ಧ ನಿಮಿಷದಲ್ಲಿ ಪಾಠವಾಯಿತು. ಶಿಗೆರು ಮಿಯಾಮೊಟೊ ಎಂಬ ಆ ಮನುಷ್ಯ ನಮ್ಮ ಬಿ.ಎಡ್. ಕಾಲೇಜಿನಲ್ಲಿ ಪಾಠ ಯೋಜನೆ ಬರೆದಿದ್ದರೆ ಎಷ್ಟು ಅಂಕ ಸಿಗುತ್ತಿದ್ದವೋ, ಉದ್ದೇಶಗಳ ಕಾಲಮ್ಮು ಖಾಲಿ ಬಿಟ್ಟಿದ್ದಕ್ಕೆ ಫೇಲಾಗುತ್ತಿದ್ದರೋ!

ಕಂಪ್ಯೂಟರಿನ ಕಾಲದ್ದನ್ನು ಬೇಗ ಮುಗಿಸುತ್ತೇನೆ. ಚಿಕ್ಕೋಡಿಯಲ್ಲಿ ಸೈಬರ್ ಕೆಫೆಗಳು ಬಂದವು, ನಾವು ‘ವೈಸ್ ಸಿಟಿ’ ಆಡಿದೆವು. ಅದರಲ್ಲಿ ಕೊಲೆ ಸುಲಿಗೆಯ ಕೆಲಸಗಳಿದ್ದವು. ನಾನು ಒಂದನ್ನೂ ಪೂರ್ತಿ ಮಾಡಲಿಲ್ಲ, ಸಜ್ಜನಿಕೆಯಿಂದಲ್ಲ, ಬೇಸರದಿಂದ. ಸಮುದ್ರದಂಡೆಯ ರಸ್ತೆಯಲ್ಲಿ ಮೋಟರ್‌ಸೈಕಲ್ ಹೊಡೆಯುತ್ತ, ರೇಡಿಯೋ ಕೇಳುತ್ತ, ಸೂರ್ಯ ಮುಳುಗುವುದನ್ನು ನೋಡುತ್ತ ಇಪ್ಪತ್ತು ರೂಪಾಯಿಯ ತಾಸು ಕಳೆಯುತ್ತಿದ್ದೆ. ಸಮುದ್ರವನ್ನು ನಾನು ನಿಜವಾಗಿ ನೋಡಿದ್ದು ಅದಾದ ಮೂರು ವರ್ಷಕ್ಕೆ.

ನನ್ನ ಮಾವನವರದು ರಾಯಬಾಗ ತಾಲೂಕು, ಹೊಳೆಸಾಲಿನ ಊರು, ಎಂಟು ಎಕರೆ ಕಬ್ಬು. ಎರಡು ವರ್ಷದ ಹಿಂದೆ ಸುಗ್ಗಿಯ ದಿನಗಳಲ್ಲಿ ಅವರು ನಮ್ಮಲ್ಲಿಗೆ ಬಂದಿದ್ದಾಗ ನಾನು ಲ್ಯಾಪ್‌ಟಾಪಿನಲ್ಲಿ ‘ಫಾರ್ಮಿಂಗ್ ಸಿಮ್ಯುಲೇಟರ್’ ಆಡುತ್ತಿದ್ದೆ. ಸ್ವಿಟ್ಜರ್ಲೆಂಡಿನ ಕಂಪನಿಯೊಂದು 2008ರಿಂದ ಮಾಡುತ್ತ ಬಂದ ಒಕ್ಕಲುತನದ ಆಟ ಇದು. 2017ರಲ್ಲಿ ಅದಕ್ಕೆ ಕಬ್ಬೂ ಬಂತು. ಮಾವನವರು ಚಸ್ಮಾ ಹಾಕಿಕೊಂಡು ಪಕ್ಕದಲ್ಲಿ ಕೂತರು.

‘ಅಳ್ಯಾರ, ಈ ಹೊಲಾ ಯಾರದು?’

‘ನಮ್ದ ರೀ ಮಾಮಾರ.’

‘ಎಷ್ಟ ದಿನದ ಬೆಳಿ?’

‘ಮುಂಜಾನಿ ಹಚ್ಚೇನ್ರಿ.’

ಅವರು ಮಾತಾಡಲಿಲ್ಲ. ನಾನು ಯಂತ್ರ ತಂದು ಕಬ್ಬು ಕಡಿದೆ. ಕಡಿದ ಬುಡದಿಂದ ಅದು ಮತ್ತೆ ಚಿಗಿಯಿತು. ‘ಹಾಂ, ಕುಳಿ ಬಿಟ್ಟಾರ! ಬಲ್ಲವರ ಮಾಡ್ಯಾರ ಇದನ್ನ’ ಎಂದು ಸಂತೋಷಪಟ್ಟರು. ಟ್ರೇಲರ್ ತುಂಬಿಸಿ ಒಯ್ದು ಸುರಿದ ಕೂಡಲೇ ತೆರೆಯ ಮೂಲೆಯಲ್ಲಿ ದುಡ್ಡು ಜಮಾ ಆಯಿತು.

‘ಇದೇನ?’

‘ಬಿಲ್ ರೀ.’

‘ಈಗ ಹಾಕಿದ್ದಕ್ಕ ಈಗ ಬಿಲ್ಲ?’

‘ಹೌದ್ರಿ.’

‘ಕಾಟಾ ಯಾರ ನೋಡಿದ್ರು? ಕಡಿಯೂ ಗ್ಯಾಂಗಿನವ್ರಿಗೆ ಮುಂಗಡ ಕೊಟ್ಟಿದ್ದೇನು? ಪಾಳಿ ಹಚ್ಚಿದ್ದೇನು?’ ನಾನು ಇಲ್ಲವೆಂದೆ. ಮಾವನವರು ಬಹಳ ಹೊತ್ತು ಸುಮ್ಮನಿದ್ದು, ‘ಇದು ಒಕ್ಕಲತನ ಅಲ್ರಿ ಅಳ್ಯಾರ, ಇದು ಸ್ವರ್ಗ’ ಎಂದರು. ಆಮೇಲೆ ತಾವೇ ಟ್ರ್ಯಾಕ್ಟರ್ ನಡೆಸಿದರು. ಇಳಿವಯಸ್ಸಿನ ಬೆರಳುಗಳಿಗೆ ಮೊದಲು ಒಗ್ಗಲಿಲ್ಲ. ನೇಗಿಲ ಸಾಲು ಸೊಟ್ಟಾದರೆ ನಾಚಿಕೊಂಡು ಹಿಂದೆ ಹೋಗಿ ಮತ್ತೆ ಹೊಡೆಯುತ್ತಿದ್ದರು. ಸಾಲು ಸೊಟ್ಟಾದರೂ ಆಟದಲ್ಲಿ ಇಳುವರಿ ಕಡಿಮೆಯಾಗುವುದಿಲ್ಲವೆಂದು ನಾನು ಹೇಳಿದೆ. ‘ರಸ್ತಾದಾಗ ಹೋಗಾವ್ರು ನೋಡ್ತಾರಲ್ಲ’ ಎಂದರು. ಆ ಆಟದ ರಸ್ತೆಯಲ್ಲಿ ಹೋಗುವವರಿಗೆ ಕಣ್ಣಿರಲಿಲ್ಲ. ಆದರೆ ಮಾವನವರು ತಮ್ಮ ಜನರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಆಟದ ಕಂಪನಿಯವರು ಅರ್ಧ ಮಾತ್ರ ಮಾಡಿರುತ್ತಾರೆ. ಉಳಿದರ್ಧ ಆಡುವವನು ಮನೆಯಿಂದ ತರುತ್ತಾನೆ.

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ವರ್ಗಾವಣೆಯಾಗುತ್ತ ತಿರುಗುವ ನನ್ನಂಥವನಿಗೆ 2019ರ ಆಗಸ್ಟ್ ತಿಂಗಳು ಕಾಗವಾಡದ ಕಡೆ ಬಂತು. ಕೃಷ್ಣೆ ಊರೊಳಗೆ ಬಂದಳು. ಎತ್ತರದ ಶಾಲೆಯೊಂದರಲ್ಲಿ ಪರಿಹಾರ ಕೇಂದ್ರ, ನನ್ನ ಡ್ಯೂಟಿ ಅಲ್ಲಿ. ಕರೆಂಟಿಲ್ಲ. ಟ್ರ್ಯಾಕ್ಟರ್ ಬ್ಯಾಟರಿಗೆ ವೈರು ಹಚ್ಚಿ ಫೋನು ಚಾರ್ಜು ಮಾಡುತ್ತಿದ್ದರು. ಮನೆ ಬಿದ್ದವರು, ಎಮ್ಮೆ ಹೊಳೆಪಾಲಾದವರು, ಎಲ್ಲ ಒಂದೇ ಕೋಣೆಯಲ್ಲಿ. ಮೂರನೆಯ ದಿನ ಒಬ್ಬ ಹುಡುಗ ತನ್ನ ಫೋನಿನಲ್ಲಿ ‘ಲುಡೋ ಕಿಂಗ್’ ತೆಗೆದು ನೆಲದ ಮೇಲಿಟ್ಟ. ನಾಲ್ಕು ಮುದುಕಿಯರು ಸುತ್ತ ಕೂತರು. ಅವರಿಗೆ ಇದು ಹೊಸದೇ? ಪಗಡೆ, ಚೌಕಾಬಾರ ಆಡಿ ಬೆಳೆದವರು. ಕವಡೆಯ ಬದಲು ತೆರೆಯನ್ನು ಬೆರಳಿನಿಂದ ಮುಟ್ಟಬೇಕು, ಅಷ್ಟೇ. ಅರ್ಧ ತಾಸಿನಲ್ಲಿ ಆ ಕೋಣೆಯಲ್ಲಿ ಜಗಳ ಎದ್ದಿತು. ‘ನನ್ನ ಕಾಯಿ ಹೊಡದಿ, ನಿನ್ನ ಮನಿ ಹಾಳಾಗಲಿ’ ಎಂದು ಒಬ್ಬ ಮುದುಕಿ ಇನ್ನೊಬ್ಬಳಿಗೆ ಬೈದಳು. ಆಕೆ, ‘ಹಾಳಾಗೇತವಾ, ಮೊನ್ನೇನ ಬಿತ್ತ’ ಎಂದಳು. ಒಂದು ಗಳಿಗೆ ಎಲ್ಲರೂ ಸುಮ್ಮನಾಗಿ, ಆಮೇಲೆ ನಾಲ್ವರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮೂರು ದಿನದಲ್ಲಿ ಆ ಕೋಣೆಯಲ್ಲಿ ಕೇಳಿದ ಮೊದಲ ನಗು ಅದು. ಬಾಗಿಲಲ್ಲಿ ಹಾಜರಿ ಪಟ್ಟಿ ಹಿಡಿದು ನಿಂತ ನನಗೆ ಎಣಿಕೆ ತಪ್ಪಿತು.

ಈಗ ಅವ್ವನ ಪರೀಕ್ಷೆಗೆ ಬರುತ್ತೇನೆ. ‘ಪಬ್‌ಜಿ’ ಬಂದಾಗ ನಾನೂ ಆಡಿದೆ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ, ಸುರಕ್ಷಿತ ವರ್ತುಲ ಕಿರಿದಾಗುತ್ತ ಬರುತ್ತದೆ, ಕೊನೆಗೆ ಉಳಿದವನು ಗೆದ್ದ. ಹುಲ್ಲಿನಲ್ಲಿ ಬೋರಲು ಮಲಗಿ ದೂರದ ಹೆಜ್ಜೆ ಸಪ್ಪಳ ಆಲಿಸುವ ಆ ಭಯ ನಿಜಕ್ಕೂ ಸೊಗಸು. ಆದರೆ ಅರ್ಧ ತಾಸು ನಡೆಯುವ ಆ ಆಟವನ್ನು ನಡುವೆ ನಿಲ್ಲಿಸಲು ಬರುವುದಿಲ್ಲ. ಅವ್ವ ಕರೆದಳು, ನಾನು ಏಳಲಿಲ್ಲವಾದರೆ ಅವ್ವ ಬೇಸರ. ಎದ್ದರೆ ಉಳಿದ ಮೂವರು ಗೆಳೆಯರು ಬೇಸರ. ಮನೆಮನೆಯಲ್ಲಿ ಜಗಳ ಹುಟ್ಟಿದ್ದು ಬಂದೂಕಿನಿಂದಲ್ಲ, ಈ ನಿಲುಗಡೆಯ ಗುಂಡಿ ಇಲ್ಲದ್ದರಿಂದ ಎಂಬುದು ನನ್ನ ಅಭಿಪ್ರಾಯ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಅದನ್ನು ಇನ್ನುಳಿದ ನೂರಕ್ಕೂ ಹೆಚ್ಚು ಚೀನಾ ನಂಟಿನ ಆ್ಯಪುಗಳೊಂದಿಗೆ ನಿಷೇಧಿಸಿತು, ದೇಶದ ಭದ್ರತೆಯ ಕಾರಣದಿಂದ. ಊರಿನ ತಾಯಂದಿರು ಮಾತ್ರ ತಮ್ಮ ಅಹವಾಲು ದಿಲ್ಲಿಗೆ ಮುಟ್ಟಿತೆಂದೇ ತಿಳಿದರು. ಮರುವರ್ಷ ಬೇರೆ ಹೆಸರಿನಲ್ಲಿ ಅದು ಹಿಂದಿರುಗಿತು.

ನಿಲುಗಡೆಯ ಇನ್ನೊಂದು ಮೋಸವೂ ಇದೆ. 2012ರಲ್ಲಿ ಬಂದ ‘ಕ್ಯಾಂಡಿ ಕ್ರಶ್’ನಲ್ಲಿ ಐದು ಜೀವ, ಮುಗಿದರೆ ಅರ್ಧ ತಾಸಿಗೊಂದು ಜೀವ ಮರಳುತ್ತದೆ. ಕಾಯಲಾರದಿದ್ದರೆ ದುಡ್ಡು ಕೊಡಿ. ಮೊದಲೆಲ್ಲ ಕಠಿಣವಾದದ್ದನ್ನು ಕಲಿತು ದಾಟುತ್ತಿದ್ದೆವು. ಇಲ್ಲಿ ಕಠಿಣವಾದದ್ದನ್ನು ಕೊಂಡು ದಾಟಬೇಕು. ಅಂಥವನ್ನು ನಾನು ಫೋನಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಅಥಣಿಯಲ್ಲಿ ನನ್ನ ಅಕ್ಕನ ಮನೆ. ಅವಳ ಮಗ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ. 2023ರ ಮಳೆಗಾಲದಲ್ಲಿ ಅಕ್ಕ ಫೋನು ಮಾಡಿ ಅತ್ತಳು. ಹುಡುಗ ಫೋನಿನಲ್ಲಿ ರಮ್ಮಿ ಆಡಿ ಎರಡು ಲಕ್ಷದ ಮೇಲೆ ಕಳೆದಿದ್ದ. ಸಾಲದ ಆ್ಯಪುಗಳಿಂದ ತೆಗೆದದ್ದು, ಗೆಳೆಯರಿಂದ ತೆಗೆದದ್ದು, ಕಡೆಗೆ ಅವಳ ಬೋರಮಾಳ. ನಾನು ಹೋಗುವಷ್ಟರಲ್ಲಿ ಅವನ ಅಪ್ಪ ಫೋನನ್ನು ಒರಳಿಗೆ ಹಾಕಿ ಕುಟ್ಟಿದ್ದರು. ಅಕ್ಕ ನನ್ನ ಮುಖ ನೋಡಿ, ‘ತಮ್ಮಾ, ನೀ ಆಡೂದ ನೋಡೇ ಅಂವಾ ಕಲತಾನ’ ಎಂದಳು.

ಆ ಮಾತನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಆದರೆ ಆ ಹೊತ್ತು ಅಕ್ಕನ ಮುಂದೆ ವಾದ ಮಾಡುವ ಹೊತ್ತಾಗಿರಲಿಲ್ಲ. ಇಲ್ಲಿ ಹೇಳುತ್ತೇನೆ. ಮುಸ್ತಫಾನ ಪೆಟ್ಟಿಗೆ ಒಂದು ರೂಪಾಯಿ ತೆಗೆದುಕೊಂಡು, ಪ್ರತಿಯಾಗಿ ಆಟ ಕೊಟ್ಟು, ಸೋತಾಗ ಮನೆಗೆ ಹೋಗು ಎನ್ನುತ್ತಿತ್ತು. ಕಾಂಟ್ರಾದಲ್ಲಿ ಮೂರು ಜೀವ ಹೋದರೆ ಹೋದವು ಆ ಮೂರೇ. ಹುಡುಗ ಆಡಿದ್ದು ಇವುಗಳ ವಂಶದ್ದಲ್ಲ. ಅದರ ಮುತ್ತಜ್ಜ ಬೇರೆ. ನಮ್ಮ ಸೀಮೆಯ ಪಾನಪಟ್ಟಿ ಅಂಗಡಿಗಳಲ್ಲಿ ಚೀಟಿ ಬರೆಯುತ್ತಿದ್ದ ಮಟಕಾ ನೆನಪಿಸಿಕೊಳ್ಳಿ. ನ್ಯೂಯಾರ್ಕಿನಿಂದ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಹತ್ತಿಯ ದರದ ಮೇಲೆ ಜೂಜು ಕಟ್ಟುವುದರಿಂದ ಹುಟ್ಟಿ, ದರ ನಿಂತ ಮೇಲೆ 1960ರ ದಶಕದಲ್ಲಿ ಮಡಕೆಯಿಂದ ಎಲೆ ಎತ್ತುವುದಕ್ಕೆ ತಿರುಗಿದ್ದು ಅದು. ‘ಓಪನ್’, ‘ಕ್ಲೋಸ್’ ಎಂಬ ಮಾತುಗಳು ಆ ಹತ್ತಿಯ ಮಾರುಕಟ್ಟೆಯವೇ. ಅದರಲ್ಲಿ ಎಷ್ಟು ಗೌಂಡಿಗಳ, ಎಷ್ಟು ಹಮಾಲರ ವಾರದ ಬಟವಡೆ ಹೋಗಿದೆ! ಅದೇ ಮಡಕೆ ಈಗ ಬಣ್ಣ ಬಳಿದುಕೊಂಡು, ಗೆಜ್ಜೆ ಕಟ್ಟಿಕೊಂಡು, ‘ಆಟ’ ಎಂದು ಹೆಸರಿಟ್ಟುಕೊಂಡು ಫೋನಿನೊಳಗೆ ಕೂತಿದೆ. ಮೊದಲು ಸ್ವಾಗತದ ಬೋನಸ್ಸು ಕೊಡುತ್ತದೆ, ನಾಲ್ಕು ಸಲ ಗೆಲ್ಲಿಸುತ್ತದೆ, ಬಿಟ್ಟು ಎರಡು ದಿನವಾದರೆ ರಾತ್ರಿ ಹನ್ನೊಂದಕ್ಕೆ ನೆನಪಿನ ಗಂಟೆ ಬಾರಿಸುತ್ತದೆ. ಮುಸ್ತಫಾನ ಪೆಟ್ಟಿಗೆ ಎಂದೂ ನಮ್ಮ ಮನೆಯ ಬಾಗಿಲು ಬಡಿದಿರಲಿಲ್ಲ. 2025ರ ಆಗಸ್ಟಿನಲ್ಲಿ ಹಣ ಕಟ್ಟಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಅಕ್ಕನ ಬೋರಮಾಳಕ್ಕೆ ಎರಡು ವರ್ಷ ತಡ.

ಹುಡುಗ ಒಂದು ವರ್ಷ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮಿರಜಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿ ತಿಂಗಳು ತಿಂಗಳು ಸಾಲ ತೀರಿಸುತ್ತಿದ್ದಾನೆ. ಹೋದ ದೀಪಾವಳಿಗೆ ನಮ್ಮ ಮನೆಗೆ ಬಂದ. ನಾನು ಅಟ್ಟದಿಂದ ಹಳೆಯ ಮಾದರಿಯ ಯಂತ್ರ ಇಳಿಸಿದ್ದೆ; ಗುಂಡಿಯ ಕೆಳಗಿನ ರಬ್ಬರು ಸವೆದದ್ದಕ್ಕೆ ಪೆನ್ಸಿಲ್ಲಿನ ಸೀಸ ತಿಕ್ಕಿ ರಿಪೇರಿ ಮಾಡುತ್ತಿದ್ದೆ. ಅವನು ದೂರ ಕೂತು ನೋಡಿದ. ‘ಆಡ್ತಿ ಏನೋ?’ ಎಂದೆ. ತಲೆ ಅಲ್ಲಾಡಿಸಿದ. ಅಕ್ಕ ಅಡಿಗೆ ಮನೆಯ ಬಾಗಿಲಿಗೆ ಬಂದು ನಿಂತದ್ದು ನನಗೆ ಕಂಡಿತು. ಏನೂ ಅನ್ನಲಿಲ್ಲ ಅವಳು. ಸ್ವಲ್ಪ ಹೊತ್ತಿಗೆ ಅವನೇ ಸರಿದು ಬಂದು ಎರಡನೆಯ ಹಿಡಿಕೆ ಕೈಗೆತ್ತಿಕೊಂಡ.

ಮಂತ್ರ ಒತ್ತಲು ಹೋದೆ. ‘ಬ್ಯಾಡ ಮಾಮಾ, ಮೂರ ಇರಲಿ’ ಎಂದ. ಮೊದಲ ಹಂತ ದಾಟಿದೆವು, ಎರಡನೆಯದರಲ್ಲಿ ಅವನ ಎರಡು ಜೀವ ಹೋದವು. ಜಲಪಾತ ಬಂತು. ಹಳೆಯ ಚಾಳಿ, ನಾನು ಸರಸರನೆ ನಾಲ್ಕು ಬಂಡೆ ಹತ್ತಿಬಿಟ್ಟೆ.

‘ಮಾಮಾ, ನಿಂದರ! ನಾ ಇನ್ನೂ ತೆಳಗ ಅದೀನಿ.’

ನಿಂತೆ. ಮೇಲಿನಿಂದ ಗುಂಡುಗಳು ಬರುತ್ತಿದ್ದವು, ಕೂತು ತಪ್ಪಿಸಿಕೊಳ್ಳುತ್ತಿದ್ದೆ. ಅವನು ಒಂದು ಬಂಡೆ ಹ‍ತ್ತಿದ, ಎರಡು ಹತ್ತಿದ. ಅಷ್ಟರಲ್ಲಿ ಕರೆಂಟು ಹೋಯಿತು.